ಅವಧಿಗೆ ಮುಂಚಿನ ಚುನಾವಣೆ: 1971ರ ಲೋಕಸಭೆಯೂ ಮೈಸೂರು ರಾಜ್ಯವೂ

ಶಾಸನಸಭೆಯ ನಿಯತಕಾಲವು ತೀರುವುದಕ್ಕೆ ಮೊದಲೇ ಅದನ್ನು ವಿಸರ್ಜಿಸಿ ನಡೆಸುವ ಚುನಾವಣೆಗೆ ಕನ್ನಡದಲ್ಲಿ ‘ಮಧ್ಯಂತರ ಚುನಾವಣೆ’ ಎಂಬ ಹೆಸರು ರೂಢವಾಗಿರುವುದು. ಮಧ್ಯ, ಅಂತರ ಎಂಬೆರಡು ಶಬ್ದಗಳು ಕೂಡಿದಲ್ಲಿ ಸವರ್ಣದೀರ್ಘವು ಬಂದು ‘ಮಧ್ಯಾಂತರ’ವೆಂದೇ ಆಗತಕ್ಕದ್ದೆಂದು ವೈಯಾಕರಣರು ಆಕ್ಷೇಪಿಸಬಹುದು. ಶಕಂಧ್ವಾದಿಯು ಆಕೃತಿಗಣವಾದುದರಿಂದ ಈ ಶಬ್ದವನ್ನೂ ಅದರೊಳಗೆ ಸೇರಿಸಿ ಪರರೂಪವನ್ನು ಹೇಳಿಬಿಟ್ಟರೆ ಆಕ್ಷೇಪವು ನಿಲ್ಲಲಾರದು. ಅಥವಾ ಕನ್ನಡಿಗರು ತಮ್ಮ ಲೋಪಸಂಧಿಯನ್ನೇ ಸಂಸ್ಕೃತ ಶಬ್ದಗಳಿಗೂ ಅನ್ವಯಿಸಿದರೆಂದು ಹೇಳಿದರೂ ಸಲ್ಲುವುದು. ಶಬ್ದವು ಹೇಗೇ ಸಾಧುವಾಗಲಿ, ಅದು ನಮ್ಮ ಪತ್ರಿಕೆಗಳಲ್ಲಿಯೂ ಜನರ ಬಾಯಲ್ಲಿಯೂ ಬೇರೂರಿದುದು 1971ನೆಯ ಇಸವಿಯ ಲೋಕಸಭಾ ಚುನಾವಣೆಯ ಕಾಲದಲ್ಲಿ. ಆ ಚುನಾವಣೆಯ ಕಾರಣಗಳನ್ನೂ, ಅದರಿಂದ ನಮ್ಮ ರಾಜ್ಯಕ್ಕೆ ಒದಗಿದ ಮಾರ್ಪಾಟನ್ನೂ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಭಾರತ ಸಂವಿಧಾನದ 83ನೆಯ ಅನುಚ್ಛೇದವು ಲೋಕಸಭೆಗೆ ಐದು ವರ್ಷಗಳ ಆಯುಸ್ಸನ್ನು ವಿಧಿಸಿ, ಅದಕ್ಕೆ ಮುಂಚೆಯೇ ವಿಸರ್ಜಿತವಾಗದಿದ್ದಲ್ಲಿ ಎಂಬ ಒಂದು ವಿಶೇಷಣವನ್ನೂ ಜೊತೆಗಿಟ್ಟಿದೆ. ವಿಸರ್ಜಿಸುವ ಅಧಿಕಾರವು 85ನೆಯ ಅನುಚ್ಛೇದದಿಂದ ರಾಷ್ಟ್ರಪತಿಗೆ ಸೇರಿದ್ದು. ಆತನು ನಡೆಯಬೇಕಾದುದು ಮಂತ್ರಿಮಂಡಲದ ಸಲಹೆಯಂತೆ. ಈ ಅಧಿಕಾರವು ಆಂಗ್ಲ ದೊರೆಗಳ ಪರಮಾಧಿಕಾರದಿಂದ ಇಳಿದುಬಂದ ವಸ್ತುವೇ ಹೊರತು ನಮ್ಮ ಪ್ರಾಚೀನ ಸಭೆಗಳಲ್ಲಿ ಇದಕ್ಕೆ ಸಮಾನವಾದುದು ಕಾಣಬರುವುದಿಲ್ಲ. ಚೋಳ ಒಂದನೆಯ ಪರಾಂತಕನ ಕಾಲದ ಉತ್ತರಮೇರೂರಿನ ಶಾಸನಗಳು (ಕ್ರಿ. ಶ. 919 ಮತ್ತು 921) ಕೊಡದೊಳಗೆ ಓಲೆಗಳನ್ನಿಟ್ಟು ಸದಸ್ಯರನ್ನು ಆರಿಸುತ್ತಿದ್ದ ಕ್ರಮವನ್ನು ವಿಸ್ತಾರವಾಗಿ ಹೇಳುವುವು. ಅಲ್ಲಿ ಸಮಿತಿಯ ಅವಧಿಯು ಪೂರ್ಣ 360 ದಿನಗಳು. ಅಪರಾಧಿಯಾದ ಒಬ್ಬ ಸದಸ್ಯನನ್ನು ಒಡನೆಯೇ ತೆಗೆಯಲು ವಿಧಿಯುಂಟು, ಸಮಿತಿಯನ್ನೇ ಮುರಿದು ಮತ್ತೆ ಓಲೆಗೆ ಹೋಗುವ ವಿಧಿಯಿಲ್ಲ. ಆದುದರಿಂದ ನಮ್ಮ ಪೂರ್ವಿಕರ ಹೆಸರಿನಲ್ಲಿ ಈ ಪದ್ಧತಿಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ಯುಕ್ತವಲ್ಲ.

1952, 1957, 1962, 1967 ಈ ನಾಲ್ಕು ಮಹಾಚುನಾವಣೆಗಳಲ್ಲಿ ಲೋಕಸಭೆಗೂ ರಾಜ್ಯಗಳ ವಿಧಾನಸಭೆಗಳಿಗೂ ಬಹುಮಟ್ಟಿಗೆ ಒಟ್ಟಾಗಿಯೇ ಮತದಾನವಾಗುತ್ತಿದ್ದಿತು. ಮತದಾರನು ಒಂದೇ ದಿನ ಎರಡು ಚೀಟಿಗಳನ್ನು ಹಾಕಿ ಬರುತ್ತಿದ್ದನು. 1967ರಲ್ಲಿ ಕಾಂಗ್ರೆಸು ಲೋಕಸಭೆಯ 520 ಸ್ಥಾನಗಳಲ್ಲಿ 283ನ್ನು ಮಾತ್ರ ಪಡೆಯಿತು. ಅನೇಕ ರಾಜ್ಯಗಳಲ್ಲಿ ಅಧಿಕಾರವನ್ನೇ ಕಳೆದುಕೊಂಡಿತು. ಅಲ್ಲೆಲ್ಲ ಕಟ್ಟಿದ ಕೂಟಗಳು ಪಕ್ಷಾಂತರಗಳಿಂದ ಬೇಗ ಬಿರಿದುಹೋಗಿ, ಉತ್ತರಪ್ರದೇಶ, ಬಿಹಾರ, ಪಂಜಾಬು, ಪಶ್ಚಿಮಬಂಗಾಳ, ಹರಿಯಾಣಗಳಲ್ಲಿ 1968-69ರೊಳಗೆ ವಿಧಾನಸಭೆಗಳಿಗೆ ಮರುಚುನಾವಣೆಗಳಾದುವು. ಎರಡು ಚೀಟಿಗಳ ಗಂಟು ಇಲ್ಲಿಯೇ ಸಡಿಲವಾಗತೊಡಗಿತ್ತೆಂಬುದನ್ನು ಮರೆಯಲಾಗದು.

ಇನ್ನು ಮುಖ್ಯವಾದ ಕಥೆಯು ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಗುವುದು. 1969ನೆಯ ಮೇ 3ರಂದು ರಾಷ್ಟ್ರಪತಿ ಡಾ. ಜಾಕೀರ್ ಹುಸೇನರು ಕಾಲವಾದರು. ತೆರವಾದ ಆ ಪೀಠಕ್ಕೆ ಅಭ್ಯರ್ಥಿಯು ಯಾರೆಂಬ ಪ್ರಶ್ನೆಯನ್ನು ಹೊತ್ತುಕೊಂಡು ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸಭೆ ಸೇರಿತು. ಫಲಪುಷ್ಪ ಪ್ರದರ್ಶನಗಳಿಗೆ ಹೆಸರಾದ ಆ ಮಂಟಪದಲ್ಲಿ ಎಂಬತ್ತು ವರ್ಷಗಳಿಗೂ ಮೀರಿದ ಒಂದು ಸಂಸ್ಥೆಯು ಒಡೆಯುವುದಕ್ಕೆ ಪ್ರಾರಂಭವಾಯಿತೆಂಬುದು ವಿಚಿತ್ರವೇ ಸರಿ. ಕಾಂಗ್ರೆಸಿನ ಅಧ್ಯಕ್ಷರು ಆಗ ಶ್ರೀ ಎಸ್. ನಿಜಲಿಂಗಪ್ಪನವರು, ಕರ್ನಾಟಕ ಏಕೀಕರಣಕ್ಕಾಗಿ ದುಡಿದವರು, 1968ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಪದವನ್ನು ಶ್ರೀ ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟು ಕೇಂದ್ರದ ಹೊಣೆಯನ್ನು ಹೊತ್ತವರು. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಸಭೆಗೆ ಆರ್ಥಿಕ ನೀತಿಯನ್ನು ಕುರಿತ ಬಿಡಿ ವಿಚಾರಗಳ ಒಂದು ಟಿಪ್ಪಣಿಯನ್ನು ಕಳುಹಿಸಿದರು. ಸಭೆಯು ಅದನ್ನು ಒಪ್ಪಿತು. ಆದರೆ ಪಕ್ಷದ ಸಂಸದೀಯ ಮಂಡಲಿಯು ಅವರ ಇಷ್ಟಕ್ಕೆ ವಿರುದ್ಧವಾಗಿ ಶ್ರೀ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ನಿಶ್ಚಯಿಸಿತು. ಪ್ರಧಾನಿಯು ದೆಹಲಿಗೆ ಹಿಂದಿರುಗಿ ಜುಲೈ 16ರಂದು ಶ್ರೀ ಮೊರಾರ್ಜಿ ದೇಸಾಯಿಯವರಿಂದ ಹಣಕಾಸಿನ ಖಾತೆಯನ್ನು ಹಿಂತೆಗೆದುಕೊಂಡರು. 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳು ಸುಗ್ರೀವಾಜ್ಞೆಯಿಂದ ರಾಷ್ಟ್ರದ ಸ್ವತ್ತಾದುವು. ಬೆಂಗಳೂರಿನಲ್ಲಿ ಸೋತವರು ಒಂದೇ ವಾರದಲ್ಲಿ ಆಟದ ಹಲಗೆಯನ್ನೇ ಬದಲಿಸಿಬಿಟ್ಟಿದ್ದರು.

ಆಗಸ್ಟಿನ ರಾಷ್ಟ್ರಪತಿ ಚುನಾವಣೆಯಲ್ಲಿ ಪ್ರಧಾನಿಯವರು ಆತ್ಮಸಾಕ್ಷಿಯಂತೆ ಮತನೀಡುವ ಹಕ್ಕನ್ನು ಎತ್ತಿಹಿಡಿದರು. ಇದಕ್ಕೆ ಒಂದು ನೆಪವನ್ನು ಒದಗಿಸಿದವರು ನಿಜಲಿಂಗಪ್ಪನವರೇ ಎಂದು ಹೇಳದಿರಲಾಗದು: ಅವರು ಸಂಜೀವ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೋರಿ ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರೊಡನೆ ಮಾತನಾಡಿದುದು ಎದುರಾಳಿಗಳ ಕೈಗೆ ಆಯುಧವಾಯಿತು. ಮೊದಲ ಎಣಿಕೆಯಲ್ಲಿ ಶ್ರೀ ವಿ. ವಿ. ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548 ಮತಮೌಲ್ಯಗಳು ಬಂದುವು. ಯಾರಿಗೂ ಅರ್ಧಕ್ಕೆ ಮೀರಿದ ಮತವಿಲ್ಲದುದರಿಂದ ಉಳಿದವರ ಎರಡನೆಯ ಪ್ರಾಶಸ್ತ್ಯಗಳನ್ನು ಸೇರಿಸಲಾಗಿ 4,20,077ಕ್ಕೆ 4,05,427 ಎಂಬ ಅಲ್ಪಾಂತರದಿಂದ ಗಿರಿಯವರು ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪನವರು ಪ್ರಧಾನಮಂತ್ರಿಯನ್ನು ಪಕ್ಷದಿಂದ ಹೊರಹಾಕಿದರು. ಲೋಕಸಭೆಯ ಕಾಂಗ್ರೆಸ್ ಸದಸ್ಯರಲ್ಲಿ ಸುಮಾರು 220 ಮಂದಿ ಹೊರಹಾಕಲ್ಪಟ್ಟವರ ಕಡೆಗೇ ನಿಂತರು! ಅಂದಿನಿಂದ ಆಡಳಿತ ಕಾಂಗ್ರೆಸು, ಸಂಸ್ಥಾ ಕಾಂಗ್ರೆಸು ಎಂದು ಎರಡಾದುವು. ಸಂಸ್ಥಾ ಕಾಂಗ್ರೆಸಿನ ಶ್ರೀ ರಾಮ್ ಸುಭಗ್ ಸಿಂಗರು ಲೋಕಸಭೆಯ ಪ್ರಥಮ ಅಧಿಕೃತ ವಿರೋಧಪಕ್ಷನಾಯಕರೆನಿಸಿದರು. ಬಹುಮತವಿಲ್ಲದ ಸರ್ಕಾರವು ಕಮ್ಯೂನಿಸ್ಟರು, ದ್ರಾವಿಡ ಮುನ್ನೇಟ್ರ ಕಳಗದವರು ಮೊದಲಾದವರ ಆಸರೆಯಿಂದ ಒಂದು ವರ್ಷವನ್ನು ಕಳೆಯಿತು.

ಆಸರೆಯ ಸರ್ಕಾರಕ್ಕೆ ಸಾಮಾನ್ಯ ಮಸೂದೆಗಳು ಕಷ್ಟವಲ್ಲ. ಸಂವಿಧಾನದ ತಿದ್ದುಪಡಿಯು ಕಷ್ಟ. ಬ್ಯಾಂಕುಗಳ ಶಾಸನವನ್ನು ಸರ್ವೋಚ್ಚ ನ್ಯಾಯಾಲಯವು 1970ನೆಯ ಫೆಬ್ರವರಿ 10ರಂದು ಅಸಿಂಧುವೆಂದಿತು. ಸರ್ಕಾರವು ಅದನ್ನು ಬೇರೆ ರೂಪದಲ್ಲಿ ಮತ್ತೆ ತಂದಿತು. ಆ ಮೇಲೆ ಬಂದುದು ರಾಜಧನದ ಪ್ರಶ್ನೆ. ಹಳೆಯ ಸಂಸ್ಥಾನಾಧಿಪತಿಗಳಿಗೆ ವಿಲೀನಕಾಲದಲ್ಲಿ ವಾಗ್ದಾನ ಮಾಡಿದ ವಾರ್ಷಿಕ ಧನವನ್ನು ನಿಲ್ಲಿಸುವ ಮಸೂದೆಯು ಲೋಕಸಭೆಯಲ್ಲಿ ಮೂರನೆಯ ಎರಡು ಪಾಲಿನ ಬಹುಮತವನ್ನು ಪಡೆಯಿತು. ರಾಜ್ಯಸಭೆಯಲ್ಲಿ ಸೆಪ್ಟೆಂಬರ್ 5ರಂದು ಪರವಾಗಿ 149, ವಿರುದ್ಧವಾಗಿ 75 ಮತಗಳು ಬಿದ್ದುವು. ಒಟ್ಟು 224ರಲ್ಲಿ ಮೂರನೆಯ ಎರಡು ಪಾಲೆಂದರೆ 149⅓. ಒಂದು ಮತದ ತೃತೀಯಾಂಶದ ಕೊರತೆಯಿಂದ ಮಸೂದೆಯು ಬಿದ್ದುಹೋಯಿತು! ಗಣಿತವು ರಾಜಕಾರಣವನ್ನು ಇಷ್ಟು ಸೂಕ್ಷ್ಮವಾಗಿ ಕೊರೆದ ನಿದರ್ಶನಗಳು ವಿರಳ. ಕೂಡಲೆ ರಾಷ್ಟ್ರಪತಿಯ ಆಜ್ಞೆಯಿಂದ ರಾಜರುಗಳ ಮಾನ್ಯತೆಯನ್ನೇ ರದ್ದುಪಡಿಸಲಾಗಿ, ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನೂ ತಳ್ಳಿಹಾಕಿತು.

ಈ ಸಂದರ್ಭದಲ್ಲಿ ಮೈಸೂರಿನವರ ಮನಸ್ಸು ಎರಡು ಕಡೆಗೆ ಎಳೆಯುತ್ತಿದ್ದಿರಬೇಕು. ವಿಲೀನಕಾಲದ ಒಪ್ಪಂದದಂತೆ ಮೈಸೂರಿನ ಅರಸರಿಗೆ ಸಂದ ರಾಜಧನವು 26 ಲಕ್ಷ ರೂಪಾಯಿ. ಶ್ರೀ ಜಯಚಾಮರಾಜ ಒಡೆಯರವರು ದರ್ಶನಶಾಸ್ತ್ರದಲ್ಲಿ ಗ್ರಂಥಕರ್ತರು, ಸಂಗೀತದಲ್ಲಿ ವಾಗ್ಗೇಯಕಾರರು, ಪಂಡಿತರನ್ನು ಪೋಷಿಸಿದವರು, ರಾಜ್ಯಪಾಲರಾಗಿದ್ದವರು. ಪಾಠಶಾಲೆಯಲ್ಲಿ ಓದಿದ ನನ್ನಂಥವನು ಅರಮನೆಯ ಉಪ್ಪಿನ ಋಣವನ್ನು ಪರಂಪರೆಯಿಂದಲಾದರೂ ಹೊತ್ತವನೇ. ಆದರೂ ಚರಿತ್ರೆಯನ್ನು ಬರೆಯುವಾಗ ಋಣವನ್ನು ಬದಿಗಿಟ್ಟು ನೋಡಬೇಕಾಗುವುದು. ಅರಮನೆಯಲ್ಲಿ ಅಷ್ಟು ಗೌರವವಿದ್ದ ಅದೇ ಪ್ರಜೆಗಳು ಕೆಲವೇ ತಿಂಗಳುಗಳ ಮೇಲೆ ರಾಜಧನವನ್ನು ನಿಲ್ಲಿಸಹೊರಟ ಪಕ್ಷಕ್ಕೆ ಒಂದು ಸ್ಥಾನವನ್ನೂ ಬಿಡದೆ ಕೊಟ್ಟರು.

ಡಿಸೆಂಬರ್ 27ರಂದು ಲೋಕಸಭೆಯು ವಿಸರ್ಜಿತವಾಯಿತು. ಅದರ ಅವಧಿಯಲ್ಲಿ ಇನ್ನೂ ಹದಿನಾಲ್ಕು ತಿಂಗಳುಗಳಿಗೆ ಮೇಲ್ಪಟ್ಟು ಉಳಿದಿತ್ತು. ಸರ್ಕಾರವು ಸಭೆಯ ವಿಶ್ವಾಸವನ್ನು ಕಳೆದುಕೊಂಡಿರಲಿಲ್ಲ. ಸೋಲದೆಯೇ ಸಭೆಯನ್ನು ಮುಗಿಸಿದುದು ಈ ಚುನಾವಣೆಯ ವೈಶಿಷ್ಟ್ಯ. ಇಲ್ಲಿ ಒಂದು ಶಾಸ್ತ್ರೀಯ ಸಂದೇಹವು ಹುಟ್ಟಿತು. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದೆಂದು 75ನೆಯ ಅನುಚ್ಛೇದವು ಹೇಳುವುದಷ್ಟೆ. ಸಭೆಯೇ ಇಲ್ಲದಿರುವಾಗ ಹೊಣೆ ಯಾರಿಗೆ? ಆಶ್ರಯವು ನಾಶವಾದಾಗ ಆಶ್ರಿತವು ನಿಲ್ಲುವುದೆಂತು? ಯು. ಎನ್. ಆರ್. ರಾವ್ ಎಂಬವರು ಪ್ರಧಾನಿಯ ಅಧಿಕಾರವನ್ನೇ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ರಾಷ್ಟ್ರಪತಿಗೆ ಸಲಹೆ ನೀಡಲು ಮಂತ್ರಿಮಂಡಲವು ಇರತಕ್ಕದ್ದೆಂಬ 74ನೆಯ ಅನುಚ್ಛೇದದ ವಿಧಿಯು ಸರ್ವದಾ ಪ್ರವರ್ತಿಸುವುದರಿಂದ, ಸಭೆಯು ವಿಸರ್ಜಿತವಾದ ಮಾತ್ರಕ್ಕೆ ಮಂತ್ರಿಗಳು ಪದವಿಯನ್ನು ಬಿಡಬೇಕಾದುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1971ರ ಮಾರ್ಚಿಯಲ್ಲಿ ತೀರ್ಮಾನಿಸಿತು. ಮೀಮಾಂಸಕರು ಎರಡು ವಿಧಿಗಳ ವಿರೋಧವನ್ನು ಸಮನ್ವಯಗೊಳಿಸುವ ರೀತಿಗೂ ಈ ತೀರ್ಪಿನ ರೀತಿಗೂ ದೂರವಿಲ್ಲ. ಅಧ್ಯಾಪಕರು ಇದನ್ನು ಓದುವುದು ಒಳ್ಳೆಯದು.

ಪಕ್ಷವು ಒಡೆದಾಗ ಚಿಹ್ನೆಯೂ ವಿವಾದಕ್ಕೆ ಬಿದ್ದಿತ್ತು. ಇಪ್ಪತ್ತು ವರ್ಷಗಳಿಂದ ಅಕ್ಷರವರಿಯದ ಮತದಾರನಿಗೆ ಕಾಂಗ್ರೆಸು ಎಂದರೆ ನೊಗ ಹೊತ್ತ ಜೋಡೆತ್ತು. ಅದು ಈ ಬಾರಿ ಯಾರಿಗೂ ದಕ್ಕಲಿಲ್ಲ. ಆಡಳಿತ ಕಾಂಗ್ರೆಸಿಗೆ ಹಸುವೂ ಕರುವೂ, ಸಂಸ್ಥಾ ಕಾಂಗ್ರೆಸಿಗೆ ಚರಕ ತಿರುಗಿಸುವ ಹೆಂಗಸೂ ಚಿಹ್ನೆಗಳಾಗಿ ದೊರೆತುವು. ಸಂಸ್ಥಾ ಕಾಂಗ್ರೆಸು, ಜನಸಂಘ, ಸ್ವತಂತ್ರ ಪಕ್ಷ, ಸಂಯುಕ್ತ ಸಮಾಜವಾದಿ ಪಕ್ಷ ಈ ನಾಲ್ಕೂ ಒಂದು ಮಹಾಮೈತ್ರಿಯನ್ನು ಕಟ್ಟಿಕೊಂಡುವು. ಇಂದಿರೆಯನ್ನು ತೊಲಗಿಸಿರಿ ಎಂಬುದು ಇವರ ಘೋಷಣೆ. ಬಡತನವನ್ನು ತೊಲಗಿಸಿರಿ ಎಂಬುದು ಆಕೆಯ ಪ್ರತಿಘೋಷಣೆ. ಕ್ರಿಯಾಪದವು ಎರಡರಲ್ಲಿಯೂ ಒಂದೇ. ಕರ್ಮಪದವನ್ನು ಬದಲಾಯಿಸಿದಷ್ಟರಿಂದಲೇ ವಾಕ್ಯವು ಗೆದ್ದಿತೆಂದು ಜನರು ನಂಬಿರುವರು. ಆ ನಂಬಿಕೆಯನ್ನು ಮುಂದೆ ಪರೀಕ್ಷಿಸೋಣ.

ಮಾರ್ಚಿ 1ರಿಂದ 10ರ ವರೆಗೆ ಮತದಾನವಾಯಿತು. ಚುನಾವಣೆ ನಡೆದ 518 ಸ್ಥಾನಗಳಲ್ಲಿ ಆಡಳಿತ ಕಾಂಗ್ರೆಸಿಗೆ 352 ಬಂದುವು; ಮಾರ್ಕ್ಸ್‌ವಾದಿ ಕಮ್ಯೂನಿಸ್ಟರಿಗೆ 25, ಕಮ್ಯೂನಿಸ್ಟ್ ಪಕ್ಷಕ್ಕೂ ದ್ರಾವಿಡ ಮುನ್ನೇಟ್ರ ಕಳಗಕ್ಕೂ 23ರಂತೆ, ಜನಸಂಘಕ್ಕೆ 22, ಸಂಸ್ಥಾ ಕಾಂಗ್ರೆಸಿಗೆ 16, ಸ್ವತಂತ್ರ ಪಕ್ಷಕ್ಕೆ 8. ಸಂಸ್ಥಾ ಕಾಂಗ್ರೆಸಿನ ಹದಿನಾರರಲ್ಲಿ ಹನ್ನೊಂದು ಗುಜರಾತಿನವು. ತಮಿಳುನಾಡಿನಲ್ಲಿ ನಾಗರಕೋಯಿಲಿನಿಂದ ಶ್ರೀ ಕಾಮರಾಜರೊಬ್ಬರೇ ಉಳಿದರು. ಮೈಸೂರು ರಾಜ್ಯದ 27 ಸ್ಥಾನಗಳೂ ಆಡಳಿತ ಕಾಂಗ್ರೆಸಿಗೆ.

ಈ ಸಂಖ್ಯೆಗಳನ್ನು ಮಹಾಪ್ರವಾಹವೆಂದು ವರ್ಣಿಸುವುದು ವಾಡಿಕೆ. ಆದರೆ ದೇಶದ ಒಟ್ಟು ಮತಗಳಲ್ಲಿ ಆಡಳಿತ ಕಾಂಗ್ರೆಸಿಗೆ ಬಂದುದು ಶೇಕಡಾ 43.7 ಮಾತ್ರ, 1967ರಲ್ಲಿ ಒಡೆಯದ ಕಾಂಗ್ರೆಸಿಗೆ 40.8 ಬಂದಿದ್ದಿತು. ಮತದಲ್ಲಿ ಮೂರರಷ್ಟು ಏರಿಕೆ, ಸ್ಥಾನಗಳಲ್ಲಿ ಅರವತ್ತೊಂಬತ್ತರಷ್ಟು ಏರಿಕೆ. ಇದಲ್ಲದೆ ಮತ ಹಾಕಲು ಬಂದವರ ಪ್ರಮಾಣವು ಶೇಕಡಾ 61ರಿಂದ 55ಕ್ಕೆ ಇಳಿಯಿತು. ಪ್ರವಾಹವು ಬಂದಾಗ ಹೊಳೆಯ ನೀರು ಇಳಿಯುವುದುಂಟೆ? ವಿಧಾನಸಭೆಯ ಅಭ್ಯರ್ಥಿಯು ಇದ್ದಾಗ ಅವನೂ ಅವನ ಬಂಧುಬಳಗವೂ ಹಳ್ಳಿಹಳ್ಳಿಯಿಂದ ಜನರನ್ನು ಗಾಡಿಗಳಲ್ಲಿ ಕರೆತರುತ್ತಿದ್ದರು. ಈ ಬಾರಿ ಬಹುತೇಕ ರಾಜ್ಯಗಳಲ್ಲಿ ಆ ಅಭ್ಯರ್ಥಿಯೇ ಇರಲಿಲ್ಲ. ಇಳಿಕೆಗೆ ಇದೇ ಕಾರಣವೆಂದು ನನ್ನ ಊಹೆ.

ಇನ್ನು ಕಾರಣವಿಚಾರ. ಯಾವುದು ಇದ್ದರೆ ಕಾರ್ಯವಿರುವುದೋ ಯಾವುದು ಇಲ್ಲದಿದ್ದರೆ ಕಾರ್ಯವಿಲ್ಲವೋ ಅದೇ ಕಾರಣವೆಂದು ತಾರ್ಕಿಕರ ಅನ್ವಯವ್ಯತಿರೇಕ. ಘೋಷಣೆಯೇ ಗೆಲುವಿಗೆ ಕಾರಣವೆನ್ನುವವರು ಗುಜರಾತನ್ನೂ ಮೈಸೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಎರಡು ರಾಜ್ಯಗಳಲ್ಲಿಯೂ ಆಗ ಸಂಸ್ಥಾ ಕಾಂಗ್ರೆಸಿನ ಸರ್ಕಾರಗಳೇ ಇದ್ದುವು. ಘೋಷಣೆಯು ಎರಡು ಕಡೆಯೂ ಒಂದೇ. ವಿಧಾನಸಭೆಯಿಂದ ಬೇರ್ಪಟ್ಟ ಚುನಾವಣೆಯೂ ಎರಡು ಕಡೆ ಒಂದೇ. ಗುಜರಾತಿನಲ್ಲಿ ಎರಡು ಕಾಂಗ್ರೆಸುಗಳೂ ಹನ್ನೊಂದು ಹನ್ನೊಂದರಂತೆ ಸಮವಾಗಿ ಹಂಚಿಕೊಂಡುವು. ಮೈಸೂರಿನಲ್ಲಿ ಇಪ್ಪತ್ತೇಳಕ್ಕೆ ಸೊನ್ನೆ. ಕಾರಣವು ಸಮಾನವಾಗಿದ್ದು ಕಾರ್ಯವು ಭಿನ್ನವಾಗಿರುವಲ್ಲಿ ಆ ಕಾರಣವು ಪೂರ್ಣವಲ್ಲ. ಆದುದರಿಂದ ಘೋಷಣೆಯನ್ನು ನಿಮಿತ್ತವೆಂದೂ, ಚೀಟಿಗಳನ್ನು ಬೇರ್ಪಡಿಸಿದುದನ್ನು ಸಹಕಾರಿಕಾರಣವೆಂದೂ ಇಟ್ಟುಕೊಂಡು, ಮೈಸೂರಿಗೆ ವಿಶೇಷವಾದ ಕಾರಣವನ್ನು ಬೇರೆ ಹುಡುಕಬೇಕು.

ಸಾಮಾನ್ಯವಾಗಿ ಕೊಡುವ ಉತ್ತರವಿದು: ಏಕೀಕರಣಾನಂತರ ರಾಜ್ಯದ ಕಾಂಗ್ರೆಸು ಲಿಂಗಾಯತ, ಒಕ್ಕಲಿಗ ಈ ಎರಡು ಪ್ರಬಲ ಸಮಾಜಗಳ ನಾಯಕರ ಹಿಡಿತದಲ್ಲಿದ್ದಿತು, ಉಳಿದ ಹಿಂದುಳಿದ ವರ್ಗಗಳು ಶ್ರೀ ದೇವರಾಜ ಅರಸರ ಮುಂದಾಳುತನದಲ್ಲಿ ಆಡಳಿತ ಕಾಂಗ್ರೆಸಿನ ಕಡೆಗೆ ಬಂದುವು. ಈ ಉತ್ತರದಲ್ಲಿ ಸತ್ಯಾಂಶವಿದೆ. ಆದರೆ ಆಡಳಿತ ಕಾಂಗ್ರೆಸಿಗೆ ರಾಜ್ಯದಲ್ಲಿ ಬಂದ ಮತವು ಶೇಕಡಾ 70ಕ್ಕೆ ಮೇಲ್ಪಟ್ಟುದು. ನೂರಕ್ಕೆ ಎಪ್ಪತ್ತು ಮತಗಳು ಹಿಂದುಳಿದ ವರ್ಗಗಳಿಂದಲೇ ಬರಲು ಸಾಧ್ಯವಿಲ್ಲ. ಪ್ರಬಲ ಸಮಾಜಗಳ ಸಾಮಾನ್ಯ ರೈತನೂ ತನ್ನ ನಾಯಕನ ಮಾತನ್ನು ಮೀರಿ ಹಸುಕರುವಿಗೆ ಒತ್ತಿದನೆಂದೇ ಹೇಳಬೇಕು. ನಾಯಕನಿಗೂ ಅವನ ಜನಕ್ಕೂ ನಡುವೆ ಇದ್ದ ನಂಟು ವಿಧಾನಸಭೆಯ ಚೀಟಿಯ ಮೂಲಕ ಕಟ್ಟಿದುದು, ಆ ಚೀಟಿಯು ಇಲ್ಲದ ದಿನ ಅದು ಕೆಲಸಮಾಡಲಿಲ್ಲವೆಂಬುದೇ ನನಗೆ ಸರಿತೋರುವ ಉತ್ತರ. ಗುಜರಾತಿನಲ್ಲಿ ಶ್ರೀ ಮೊರಾರ್ಜಿಯವರು ದೆಹಲಿಯ ಪೀಠಕ್ಕೇ ಯೋಗ್ಯರೆನಿಸಿಕೊಂಡಿದ್ದ ಕಾರಣ ಲೋಕಸಭೆಯ ಚೀಟಿಯಲ್ಲಿಯೂ ಅವರ ನಂಟು ಉಳಿಯಿತು. ನಿಜಲಿಂಗಪ್ಪನವರನ್ನು ನಮ್ಮವರು ರಾಜ್ಯವನ್ನು ಕೂಡಿಸಿದವರೆಂದು ಗೌರವಿಸುತ್ತಿದ್ದರು; ಪ್ರಧಾನಿಯ ಸ್ಥಾನದಲ್ಲಿ ಅವರನ್ನು ಎಣಿಸಿರಲಿಲ್ಲ.

ಫಲವು ಬೇಗನೆ ರಾಜ್ಯಕ್ಕೂ ತಟ್ಟಿತು. 1967ರಲ್ಲಿ ವಿಧಾನಸಭೆಯ 216 ಸ್ಥಾನಗಳಲ್ಲಿ 126ನ್ನು ಪಡೆದಿದ್ದ ಪಕ್ಷದ ಸದಸ್ಯರು ಗುಂಪುಗುಂಪಾಗಿ ದಡ ಬದಲಾಯಿಸಲು, ವೀರೇಂದ್ರ ಪಾಟೀಲರ ಮಂತ್ರಿಮಂಡಲವು ಮಾರ್ಚಿ ತಿಂಗಳಲ್ಲಿಯೇ ರಾಜೀನಾಮೆಯನ್ನಿತ್ತಿತು. 27ರಂದು ರಾಷ್ಟ್ರಪತಿಯ ಆಳ್ವಿಕೆಯು ಬಂದಿತು. 1972ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸಿಗೆ 165 ಸ್ಥಾನಗಳು ದೊರೆತು ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು (1973), ಉಳುವವನಿಗೆ ಭೂಮಿಯನ್ನು ಕೊಟ್ಟ ತಿದ್ದುಪಡಿ (1974), ಹಾವನೂರ ಆಯೋಗದ ವರದಿ (1975) ಇವೆಲ್ಲ ಆ ಕಾಲದವು.

ದೆಹಲಿಯಲ್ಲಿ ಮೂರನೆಯ ಎರಡು ಪಾಲಿನ ಬಹುಮತವನ್ನು ಪಡೆದ ಸರ್ಕಾರವು ಅದೇ ವರ್ಷ ಸಂವಿಧಾನದ 24, 25, 26ನೆಯ ತಿದ್ದುಪಡಿಗಳನ್ನು ತಂದಿತು. ತೃತೀಯಾಂಶ ಮತದಿಂದ ಉಳಿದಿದ್ದ ರಾಜಧನವು 26ನೆಯದರಿಂದ ಕೊನೆಗಂಡಿತು. ಇವುಗಳ ಸಿಂಧುತ್ವವನ್ನು ವಿಚಾರಿಸುವ ಭಾಗ್ಯವೋ ಭಾರವೋ ಕನ್ನಡನಾಡಿನ ಅಂಚಿನ ಒಂದು ಮಠದ ಪಾಲಿಗೆ ಬಂದಿತು. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ ಹೂಡಿದ ವ್ಯಾಜ್ಯದಲ್ಲಿ, ಹದಿಮೂರು ನ್ಯಾಯಾಧೀಶರು ಕುಳಿತು 1973ನೆಯ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲರಚನೆಯನ್ನು ಕೆಡಿಸಲಾಗದೆಂದು ನಿರ್ಣಯಿಸಿದರು. ಸ್ವಾಮಿಗಳಿಗೆ ಬೇಕಾಗಿದ್ದುದು ಮಠದ ಜಮೀನು. ದೇಶಕ್ಕೆ ದೊರೆತುದು ಒಂದು ಸಿದ್ಧಾಂತ. ಬಹುಮತದಲ್ಲಿದ್ದ ದಕ್ಷಿಣ ಕನ್ನಡದ ಶ್ರೀ ಕೆ. ಎಸ್. ಹೆಗ್ಡೆಯವರನ್ನೂ ಇನ್ನಿಬ್ಬರು ಹಿರಿಯರನ್ನೂ ದಾಟಿ ಮುಖ್ಯನ್ಯಾಯಾಧೀಶರನ್ನು ನೇಮಿಸಲಾಗಿ, ಮೂವರೂ ರಾಜೀನಾಮೆಯಿತ್ತು ಹೊರಬಂದರು.

ಎರಡು ಚೀಟಿಗಳ ಗಂಟು 1971ರಲ್ಲಿ ಬಿಚ್ಚಿದುದು ಮತ್ತೆ ಕೂಡಲಿಲ್ಲ. ಅದನ್ನು ಮರಳಿ ಕಟ್ಟುವ ಉದ್ದೇಶದ ತಿದ್ದುಪಡಿಯ ಮಸೂದೆಯು 2024ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾಯಿತು. ಅದನ್ನು ಕುರಿತು ವಾದಿಸುವ ಉಭಯ ಪಕ್ಷದವರೂ ಖರ್ಚಿನ ಲೆಕ್ಕವನ್ನೇ ಹೆಚ್ಚಾಗಿ ಹೇಳುವರು. ಚೀಟಿಗಳು ಬೇರೆಯಾದಾಗ ಒಬ್ಬ ಮೈಸೂರು ರೈತನ ಮತವು ಯಾರ ಹಿಡಿತದಿಂದ ಬಿಟ್ಟು ಯಾರ ಹಿಡಿತಕ್ಕೆ ಹೋಯಿತೆಂಬ ಪ್ರಶ್ನೆಯನ್ನು ಅವರು ಕೇಳಿದಂತೆ ತೋರುವುದಿಲ್ಲ.

ಐದನೆಯ ಲೋಕಸಭೆಯ ಮುಂದಿನ ಗತಿಯು ವಿದಿತವಾದುದೇ. ರಾಯಬರೇಲಿಯಲ್ಲಿ ಶ್ರೀ ರಾಜನಾರಾಯಣರನ್ನು 1,11,810 ಮತಗಳಿಂದ ಸೋಲಿಸಿದ್ದ ಪ್ರಧಾನಿಯವರ ಆಯ್ಕೆಯನ್ನು ಅಲಹಾಬಾದಿನ ಉಚ್ಚ ನ್ಯಾಯಾಲಯವು 1975ನೆಯ ಜೂನ್ 12ರಂದು ರದ್ದುಮಾಡಿತು; 25ರಂದು ತುರ್ತುಪರಿಸ್ಥಿತಿಯು ಘೋಷಿತವಾಯಿತು. ಆಮೇಲೆ ಸಭೆಯ ಅವಧಿಯನ್ನು ಎರಡು ಬಾರಿ ಬೆಳೆಸಲಾಯಿತು. ಹಿಂದಿನ ಸಭೆಯ ಆಯುಸ್ಸನ್ನು ಕತ್ತರಿಸಿ ಹುಟ್ಟಿದ ಈ ಸಭೆಯು 1977ನೆಯ ಜನವರಿ 18ರ ವರೆಗೆ, ಎಂದರೆ ಐದು ವರ್ಷ ಹತ್ತು ತಿಂಗಳು, ಬದುಕಿ ಲೋಕಸಭೆಗಳಲ್ಲೆಲ್ಲ ದೀರ್ಘಾಯುವೆನಿಸಿತು. ಅನಂತರದ ಚುನಾವಣೆಯಲ್ಲಿ ಕಾಂಗ್ರೆಸಿಗೆ ದೇಶದಲ್ಲಿ ಉಳಿದುದು 154 ಸ್ಥಾನಗಳು. ಉತ್ತರಪ್ರದೇಶದ 85ರಲ್ಲಿ ಒಂದೂ ಇಲ್ಲ. ಕರ್ನಾಟಕದ 28ರಲ್ಲಿ ಮಾತ್ರ 26 ಅದರ ಕಡೆಗೇ ಬಂದುವು. 1971ರಲ್ಲಿ ನಮ್ಮಲ್ಲಿ ಬೀಸಿದುದು ಒಂದು ಋತುವಿನ ಗಾಳಿಯಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣವನ್ನು ನಾನು ಕಾಣೆ. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರಿಗೆ ಎದುರಾಗಿ ನಿಂತು ಸೋತವರು ಅದೇ ವೀರೇಂದ್ರ ಪಾಟೀಲರು. ಕೆಲವು ಕಾಲದಲ್ಲಿಯೇ ಅವರೂ ಆಕೆಯ ಪಕ್ಷವನ್ನು ಸೇರಿ, 1989ರಲ್ಲಿ ಆ ಪಕ್ಷದಿಂದಲೇ ಮತ್ತೆ ಮುಖ್ಯಮಂತ್ರಿಗಳಾದರು.